ಒಂದು ಮಾಪ್ ಕಡಿಮೆ ಬಿದ್ದ ದಿನ

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅರಸೀಕೆರೆಯ ಸಂತೆಗೆ ಹೋದರೆ ಇವತ್ತಿಗೂ ಒಬ್ಬಿಬ್ಬರು ನನ್ನನ್ನು ‘ಆಪರೇಷನ್ ಡಾಕ್ಟರಮ್ಮ’ ಎಂದು ಕರೆದು ಕೈ ಮುಗಿಯುತ್ತಾರೆ, ಹಾಗೆಯೇ ಸೊಂಟನೋವಿಗೆ ಒಂದು ಮಾತ್ರೆಯನ್ನೂ ಕೇಳುತ್ತಾರೆ. ನಾನು ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದವಳು. ಹೆಸರು ಸುಜಾತ. ಚಾಕು, ಕತ್ತರಿ, ಚಿಮಟ, ಸೂಜಿ, ದಾರ ಇವನ್ನೆಲ್ಲ ಸರ್ಜನ್ ಕೇಳುವ ಮೊದಲೇ ಅವರ ಕೈಗಿಡುವುದು, ಕೊಟ್ಟದ್ದನ್ನೆಲ್ಲ ಎಣಿಸಿ ವಾಪಸ್ ತೆಗೆದುಕೊಳ್ಳುವುದು ನನ್ನ ಕೆಲಸ. ಮೊದಲು ನಮ್ಮೂರು ಬೇಲೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಆಮೇಲೆ ನಿವೃತ್ತಿಯಾಗುವ ತನಕ ಅರಸೀಕೆರೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಅದನ್ನೇ ಮಾಡಿದೆ.

ನನ್ನ ತಂಗಿಯ ಮಗಳು ನರ್ಸಿಂಗ್ ಮುಗಿಸಿ ಈಗ ಥಿಯೇಟರ್ ಡ್ಯೂಟಿಗೆ ಸೇರಿದ್ದಾಳೆ. "ದೊಡ್ಡಮ್ಮ, ಅಲ್ಲಿ ನಿಜವಾಗ್ಲೂ ಏನ್ ಕಲೀಬೇಕು, ಪುಸ್ತಕದಲ್ಲಿ ಇರೋದು ಬಿಟ್ಟು ಹೇಳಿ" ಎಂದಳು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ಬರೆಯಲು ಕೂತೆ. ಅವಳಿಗೆ ಹೇಳುತ್ತಿರುವುದು ನನ್ನ ಜಾಣತನದ ಕಥೆ ಎಂದು ಅವಳು ತಿಳಿದಿದ್ದರೆ ಮುಂದೆ ನಿರಾಸೆಯಾಗುತ್ತದೆ.

ತೊಂಬತ್ತರ ದಶಕದಲ್ಲಿ ಬೇಲೂರಿನಲ್ಲಿ ನಾನು ಸೇರಿದಾಗ ಗ್ಲೌಸ್ ಎಂದರೆ ಒಮ್ಮೆ ಹಾಕಿ ಬಿಸಾಕುವ ವಸ್ತುವಲ್ಲ. ಆಪರೇಷನ್ ಮುಗಿದ ಮೇಲೆ ಅವನ್ನು ಸೋಪಿನಲ್ಲಿ ತೊಳೆದು, ಒಂದೊಂದಕ್ಕೂ ಗಾಳಿ ತುಂಬಿ, ಕೆನ್ನೆಯ ಹತ್ತಿರ ಹಿಡಿದು ತೂತಿದೆಯೇ ಎಂದು ನೋಡುತ್ತಿದ್ದೆವು. ತೂತಿದ್ದರೆ ಹಳೆಯ ಗ್ಲೌಸಿನಿಂದ ಒಂದು ಚೂರು ಕತ್ತರಿಸಿ, ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವ ಹಾಗೆ ಅಂಟಿಸುತ್ತಿದ್ದೆವು. ಆಮೇಲೆ ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಪೌಡರ್ ಹಚ್ಚಿ, ಡ್ರಮ್ಮಿನಲ್ಲಿಟ್ಟು ಹಬೆಗೆ ಕೊಡುವುದು. ಒಂದು ದಿನ ನನ್ನ ಅಪ್ಪ ಊಟದ ಡಬ್ಬಿ ಕೊಡಲು ಬಂದವರು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ ಆ ಇಪ್ಪತ್ತು ಕೈಗಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅಪ್ಪ ಸ್ಕೂಲ್ ಮೇಷ್ಟ್ರು, ಯಾವುದಕ್ಕೂ ಹೆದರದವರು. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟೇಹೋದರು.

ಅರಸೀಕೆರೆಗೆ ಬಂದ ಮೇಲೆ ನನಗೆ ಸಿಕ್ಕ ದೊಡ್ಡ ಭಾಗ್ಯ ಡಾ. ಗಂಗಾಧರಯ್ಯ. ನಮ್ಮ ಆಸ್ಪತ್ರೆಯ ಸರ್ಜನ್. ತೆಂಗಿನ ತೋಟದವರ ಮಗ, ವಿಭೂತಿ ಹಚ್ಚದೆ ಮನೆ ಬಿಡದವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ದೊಡ್ಡ ಊರಿನ ಒಂದು ಮೆಡಿಕಲ್ ಕಾಲೇಜಿನಿಂದ ಆರು ತಿಂಗಳಿಗೊಮ್ಮೆ ಒಬ್ಬೊಬ್ಬ ಪಿ.ಜಿ. ಸರ್ಜರಿ ಕಲಿಯಲು ನಮ್ಮಲ್ಲಿಗೆ ಬರುತ್ತಿದ್ದರು. ಪಿ.ಜಿ. ಎಂದರೆ ಡಾಕ್ಟರ್ ಆಗಿ, ಮುಂದೆ ಸರ್ಜನ್ ಆಗಲು ಓದುತ್ತಿರುವವರು. ಬಂದವರಿಗೆಲ್ಲ ಗಂಗಾಧರಯ್ಯನವರು ಮೊದಲ ದಿನ ಕೈಗೆ ಕೊಡುತ್ತಿದ್ದುದು ಚಾಕುವಲ್ಲ, ತೆಂಗಿನ ಕರಟ. ಅದರ ತಳದಲ್ಲಿ ಒಂದು ಸಣ್ಣ ಕೊಕ್ಕೆ ಕೂರಿಸಿರುತ್ತಿದ್ದರು. ಕರಟವನ್ನು ಮೇಜಿನ ಮೇಲಿಟ್ಟು, ಒಳಗೆ ಬೆರಳು ಬಿಟ್ಟು, ಆ ಕೊಕ್ಕೆಗೆ ರೇಷ್ಮೆ ದಾರದ ಗಂಟು ಹಾಕಬೇಕು. ಕರಟ ಅಲುಗಬಾರದು. ಅಲುಗಿದರೆ ಸಾಹೇಬರು, "ರಕ್ತನಾಳ ಕಿತ್ತು ಬಂತು. ರೋಗಿ ಹೋದ. ಅವನ ಮನೆಯವರಿಗೆ ಹೋಗಿ ಹೇಳು" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಎಂಥೆಂಥ ಪಿ.ಜಿ.ಗಳು ಬಂದುಹೋದರು! ಒಬ್ಬನಿಗೆ ಗಂಟಿನ ಹುಚ್ಚು ಎಷ್ಟು ಹಿಡಿಯಿತೆಂದರೆ ಸಲೈನ್ ಸ್ಟ್ಯಾಂಡು, ಕುರ್ಚಿಯ ಕೈ, ಕೊನೆಗೆ ಊಟಕ್ಕೆ ಕೂತಿದ್ದ ನನ್ನ ಸೆರಗಿನ ತುದಿ, ಎಲ್ಲಕ್ಕೂ ಗಂಟು ಹಾಕಿಬಿಡುತ್ತಿದ್ದ. ನಾನು ಎದ್ದರೆ ಬೆಂಚೂ ಜೊತೆಗೆ ಏಳುತ್ತಿತ್ತು. ಇನ್ನೊಬ್ಬ ಆರು ಅಡಿ ಎತ್ತರದವನು ಮೊದಲ ಹರ್ನಿಯ ಆಪರೇಷನ್ನಿನಲ್ಲಿ ರಕ್ತ ನೋಡಿದ್ದೇ ನನ್ನ ಟ್ರಾಲಿಯ ಮೇಲೇ ಒರಗಿದ. ಈಗ ಅವನು ಹೆಸರುವಾಸಿ ಸರ್ಜನ್ ಅಂತೆ. ಅವರಿಗೆಲ್ಲ ಹಗಲು ಸಾಹೇಬರ ಬೈಗುಳ, ಸಾಯಂಕಾಲ ನನ್ನ ಕಾಫಿ. ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಮನಸ್ಸು ತುಂಬಿಬರುತ್ತದೆ.

ಇನ್ನು ಮಾಪ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆ ತೆರೆದಾಗ ರಕ್ತ ಹೀರಲಿಕ್ಕೆ, ಕರುಳನ್ನು ಪಕ್ಕಕ್ಕೆ ತಡೆದು ಹಿಡಿಯಲಿಕ್ಕೆ ಒಳಗೆ ಇಡುವ ಬಟ್ಟೆಗೆ ಮಾಪ್ ಎನ್ನುತ್ತೇವೆ. ಈಗ ಅವು ಕಾರ್ಖಾನೆಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತವೆ, ಎಕ್ಸ್‌ರೇಯಲ್ಲಿ ಕಾಣುವ ಎಳೆಯೂ ಅದರಲ್ಲಿರುತ್ತದೆ. ನಮ್ಮ ಕಾಲದಲ್ಲಿ ನಾವೇ ಮಾಡಿಕೊಳ್ಳುತ್ತಿದ್ದೆವು. ಮಧ್ಯಾಹ್ನ ಕೆಲಸವಿಲ್ಲದ ಹೊತ್ತಿನಲ್ಲಿ ನಾನೂ ಆಯಾ ರಂಗಮ್ಮನೂ ಗಾಜ್ ಬಟ್ಟೆಯ ಥಾನು ಬಿಚ್ಚಿ, ಕತ್ತರಿಸಿ, ನಾಲ್ಕು ಪದರ ಮಡಿಸಿ, ಅಂಚು ಹೊಲಿದು, ಒಂದು ಮೂಲೆಗೆ ಗೇಣುದ್ದದ ಲಾಡಿ ಕೂರಿಸುತ್ತಿದ್ದೆವು. ಐದೈದನ್ನು ಸೇರಿಸಿ ಒಂದು ಕಟ್ಟು. ರಕ್ತದಲ್ಲಿ ನೆಂದ ಮಾಪ್ ಕರುಳಿನ ನಡುವೆ ಸೇರಿಕೊಂಡರೆ ಯಾವುದು ಬಟ್ಟೆ ಯಾವುದು ಕರುಳು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಒಳಗೇ ಬಿಟ್ಟು ಹೊಲಿದರೆ ಕೀವಾಗಿ ಮನುಷ್ಯ ಸಾಯಬಹುದು. ಅದಕ್ಕೇ ಆಪರೇಷನ್ನಿಗೆ ಮುಂಚೆ ಒಂದು ಸಲ, ಹೊಟ್ಟೆ ಮುಚ್ಚುವ ಮುಂಚೆ ಇನ್ನೊಂದು ಸಲ ಎಣಿಸಬೇಕು.

ನಮ್ಮ ಥಿಯೇಟರಿನ ಕ್ರಮ ಹೀಗಿತ್ತು: ನಾನು ಕಟ್ಟು ಬಿಚ್ಚಿ, ಒಂದೊಂದೇ ಮಾಪ್ ಎತ್ತಿ, ಜೋರಾಗಿ ಒಂದರಿಂದ ಐದರವರೆಗೆ ಹೇಳಬೇಕು. ಹೇಳಿದ ಮೇಲೆ ರಂಗಮ್ಮ ಗೋಡೆಯ ಕರಿಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಾಳೆ. ರಂಗಮ್ಮನಿಗೆ ಓದುಬರಹ ಬಾರದು. ಒಂದು ಗೆರೆ ಎಂದರೆ ಐದು, ಅಷ್ಟೇ ಅವಳ ಗಣಿತ. ಅದು ಎಂದೂ ತಪ್ಪಿದ್ದಿಲ್ಲ. ಒಮ್ಮೆ ಒಬ್ಬ ಪಿ.ಜಿ. ಮುಚ್ಚುವ ಹೊತ್ತಿಗೆ ನಾನು "ಒಂದು ಕಡಿಮೆ" ಎಂದೆ. "ನಿಮ್ಮ ಎಣಿಕೆಯೇ ತಪ್ಪಿರಬೇಕು ಸಿಸ್ಟರ್" ಎಂದು ವಾದಕ್ಕಿಳಿದ. ಹುಡುಕಿದರೆ ಅದು ಅವನ ಚಪ್ಪಲಿಯ ಅಡಿಗೇ ಅಂಟಿಕೊಂಡಿತ್ತು. ಗಂಗಾಧರಯ್ಯನವರು ಆ ಹುಡುಗನನ್ನು ಕೂರಿಸಿ ಬೀರುವಿನಲ್ಲಿದ್ದ ಅಷ್ಟೂ ಮಾಪ್ ಎಣಿಸಲು ಹಚ್ಚಿದರು. ಅಂದಿನಿಂದ ನನ್ನ ಎಣಿಕೆಯನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರಲಿಲ್ಲ. ನನಗೂ ಅದರ ಜಂಬ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಂದಿಜ್ವರ ಬಂದ ವರ್ಷ ನಮ್ಮಲ್ಲಿಗೆ ಬಂದ ಪಿ.ಜಿ. ವಸುಧಾ. ತಿಪಟೂರಿನ ಕಡೆಯ ಹುಡುಗಿ, ಅಪ್ಪ ಬಸ್ ಕಂಡಕ್ಟರ್. ಕೊನೆಯ ವರ್ಷದಲ್ಲಿದ್ದಳು. ನಮ್ಮಲ್ಲಿ ಆರು ತಿಂಗಳು ಮುಗಿಸಿ ಹೋದರೆ ಪರೀಕ್ಷೆ. ಬಂದ ದಿನವೇ ತನ್ನ ದಪ್ಪ ಪುಸ್ತಕ ತೋರಿಸಿದಳು. ನೋಡಿದ ಆಪರೇಷನ್, ಸಹಾಯ ಮಾಡಿದ ಆಪರೇಷನ್, ತಾನೇ ಮಾಡಿದ ಆಪರೇಷನ್ ಎಂದು ಅದರಲ್ಲಿ ಮೂರು ಭಾಗ. ಮೊದಲೆರಡು ತುಂಬಿದ್ದವು. ಮೂರನೆಯದರಲ್ಲಿ ಎರಡು ಮೂರು ಸಣ್ಣಪುಟ್ಟ ಗಡ್ಡೆ ಬಿಟ್ಟರೆ ಖಾಲಿ.

"ಅಲ್ಲಿ ನಮಗೆ ಕೊಕ್ಕೆ ಹಿಡಿಯೋ ಕೆಲಸ ಅಷ್ಟೇ ಸಿಸ್ಟರ್. ಸೀನಿಯರ್‌ಗಳು ಆಪರೇಷನ್ ಮಾಡ್ತಾರೆ, ನಾವು ಗಾಯದ ಅಂಚು ಎಳ್ಕೊಂಡು ನಿಂತಿರ್ತೀವಿ. ಅರಸೀಕೆರೆಗೆ ಹೋದ್ರೆ ಗಂಗಾಧರಯ್ಯ ಸರ್ ಕೈಗೆ ಚಾಕು ಕೊಡ್ತಾರೆ ಅಂತ ಎಲ್ಲರೂ ಹೇಳಿದ್ರು. ಈ ಆರು ತಿಂಗಳನ್ನೇ ನಂಬ್ಕೊಂಡು ಬಂದಿದ್ದೀನಿ" ಎಂದಳು.

ಮೊದಲ ಮೂರು ವಾರ ಚೆನ್ನಾಗಿಯೇ ಹೋಯಿತು. ಕರಟದಲ್ಲಿ ಪಾಸಾದಳು. ಸಾಹೇಬರು ಎದುರು ನಿಂತು ಎರಡು ಹರ್ನಿಯ ಮಾಡಿಸಿದರು. ಅಷ್ಟರಲ್ಲಿ ಜ್ವರದ ಗಲಾಟೆ ಶುರುವಾಯಿತು.

ಟಿ.ವಿ. ಹಾಕಿದರೆ ಅದೇ ಸುದ್ದಿ. ಶಾಲೆಗಳಿಗೆ ರಜೆ ಕೊಟ್ಟರು. ಬಸ್ಸಿನಲ್ಲಿ ಯಾರಾದರೂ ಸೀನಿದರೆ ಪಕ್ಕದವರು ಮುಂದಿನ ಸ್ಟಾಪಿನಲ್ಲೇ ಇಳಿಯುತ್ತಿದ್ದರು. ಬೇಲೂರು, ಹಳೇಬೀಡಿಗೆ ಬರುವ ಟೂರಿಸ್ಟ್ ಬಸ್ಸುಗಳು ನಿಂತುಹೋದವು. ನಮ್ಮ ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳಿಗೇ ಜ್ವರ ಬಂದದ್ದರಿಂದ ಕಾಯಬಹುದಾದ ಆಪರೇಷನ್‌ಗಳನ್ನೆಲ್ಲ ಮುಂದೂಡಿದರು. ಹರ್ನಿಯ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಎಲ್ಲರನ್ನೂ ಮನೆಗೆ ಕಳಿಸಿದ್ದಾಯಿತು. ಸರ್ಜರಿ ವಾರ್ಡು ಜ್ವರದ ವಾರ್ಡಾಯಿತು. ಥಿಯೇಟರಿಗೆ ಬೀಗ. ವಸುಧಾಳನ್ನು ಗೇಟಿನ ಹತ್ತಿರ ಶಾಮಿಯಾನದ ಕೆಳಗೆ ಕೂರಿಸಿದರು. ಹೆಸರು ಬರೆದುಕೊಳ್ಳುವುದು, ಜ್ವರ ನೋಡುವುದು, ಮೂಗು, ಗಂಟಲಿನಿಂದ ಸ್ಯಾಂಪಲ್ ತೆಗೆಯುವುದು. ನಾನೂ ಅಲ್ಲೇ.

ಒಂದು ತಿಂಗಳಾಯಿತು, ಎರಡಾಯಿತು. "ಪರೀಕ್ಷೇಲಿ ಅವರು ಹೊಟ್ಟೆ ಬಗ್ಗೆ ಕೇಳ್ತಾರೆ, ನಾನು ಮೂಗಿನ ಬಗ್ಗೆ ಹೇಳ್ತೀನಿ" ಎಂದು ಮೊದಮೊದಲು ನಗಿಸುತ್ತಿದ್ದಳು. ಆಮೇಲೆ ನಗು ನಿಂತಿತು. ಒಂದು ಮಧ್ಯಾಹ್ನ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು, "ಸಿಸ್ಟರ್, ಒಂದು ಹೊಟ್ಟೇನೂ ನಾನೇ ತೆರೆದು ಮುಚ್ಚಿಲ್ಲ. ಪಾಸಾದ್ರೂ ಆಗ್ತೀನೇನೋ. ಆದ್ರೆ ನನ್ನ ಹತ್ರ ಬಂದ ರೋಗಿ ಗತಿ ಏನು? ಸರ್ಜರಿ ಬಿಟ್ಟು ಎಲ್ಲಾದ್ರೂ ಡ್ಯೂಟಿ ಡಾಕ್ಟರ್ ಆಗಿ ಇದ್ದುಬಿಡ್ತೀನಿ" ಎಂದಳು. ಅವತ್ತು ಸಾಯಂಕಾಲವೇ ಅದನ್ನು ಸಾಹೇಬರ ಕಿವಿಗೆ ಹಾಕಿದೆ.

ಗಂಗಾಧರಯ್ಯನವರು ಎರಡು ದಿನ ಯೋಚಿಸಿ ನನ್ನನ್ನು ಕರೆದರು. ಹೇಳಲು ಬಹಳ ಸಂಕೋಚಪಟ್ಟರು. "ಸುಜಾತಮ್ಮ, ಈ... ಕುರಿ ಕರುಳು ಸಿಗುತ್ತೇನ್ರಿ ಅಂಗಡೀಲಿ?"

"ಬೋಟಿನಾ ಸರ್? ಯಾಕೆ ಸಿಗಲ್ಲ? ನಮ್ಮನೇಲಿ ಭಾನುವಾರ ಅದೇ ಸಾರು" ಎಂದೆ. ಈರುಳ್ಳಿಯನ್ನೂ ಮುಟ್ಟದ ಸಾಹೇಬರು ಕಣ್ಣು ಮುಚ್ಚಿಕೊಂಡು, "ಸಾರಿನ ವಿಷಯ ಬೇಡ. ವಾರಕ್ಕೆ ಎರಡು ದಿನ ತರಿಸಿ" ಎಂದರು.

ಹೀಗೆ ಮುಚ್ಚಿದ ಥಿಯೇಟರಿನ ಹೊರಗಿನ ಕೋಣೆಯಲ್ಲಿ ಹೊಸ ಪಾಠ ಶುರುವಾಯಿತು. ಮಟನ್ ಅಂಗಡಿಯಿಂದ ನಾನೇ ಬೋಟಿ ತಂದು, ತೊಳೆದು, ತಟ್ಟೆಯಲ್ಲಿ ಹರಡುತ್ತಿದ್ದೆ. ಸಾಹೇಬರು ಅದರಲ್ಲಿ ತೂತು ಮಾಡುತ್ತಿದ್ದರು, ವಸುಧಾ ಹೊಲಿಯುತ್ತಿದ್ದಳು. ಆಮೇಲೆ ಎರಡೂ ತುದಿ ಕಟ್ಟಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರನ್ನು ಒಳಗೆ ತುಂಬಬೇಕು. ಹೊಲಿಗೆಯಲ್ಲಿ ಒಂದು ಹನಿ ನೀಲಿ ಕಂಡರೂ ಬಿಚ್ಚಿ ಇನ್ನೊಮ್ಮೆ ಹೊಲಿ. ಮೊದಲ ವಾರ ತಟ್ಟೆಯೆಲ್ಲ ನೀಲಿ, ಅವಳ ಉಗುರೂ ನೀಲಿ. ಕ್ರಮೇಣ ಹನಿ ನಿಂತಿತು. ಒಂದು ದಿನ ಸಾಹೇಬರು ಬೋಟಿಯನ್ನು ಎತ್ತಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿ, ಏನೂ ಬೈಯದೆ ಎದ್ದುಹೋದರು. "ಸರ್‌ಗೆ ಹುಷಾರಿಲ್ವಾ ಸಿಸ್ಟರ್?" ಎಂದು ಅವಳು ಗಾಬರಿಯಾದಳು. "ಅದೇ ಕಣಮ್ಮ ಅವರ ಶಹಭಾಸ್" ಎಂದೆ.

ಆದರೆ ಕುರಿಯ ಕರುಳಿಗೆ ರಕ್ತ ಬರುವುದಿಲ್ಲ, ಬಿ.ಪಿ. ಇಳಿಯುವುದಿಲ್ಲ, ಹೊರಗೆ ಕಾಯುವ ಹೆಂಡತಿಯೂ ಇರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆ ಹೊತ್ತಿನಲ್ಲಿ ಮಾಸ್ಕಿಗೆ ಬರಗಾಲ ಬಂತು. ಒಂದು ಬೆಳಗ್ಗೆ ಡ್ರಮ್ಮಿಗೆ ಮಾಪ್ ಕಟ್ಟುಗಳನ್ನು ತುಂಬಿಸುತ್ತಿದ್ದೆ. ಥಿಯೇಟರು ಮುಚ್ಚಿದ್ದರೂ ಎಮರ್ಜೆನ್ಸಿಗೆಂದು ಒಂದು ಡ್ರಮ್ ಸದಾ ತಯಾರಿರಬೇಕು. ಶಾಮಿಯಾನದಿಂದ ಕರೆ ಬಂತು, ಮುಖಕ್ಕೆ ಕಟ್ಟಲು ಏನೂ ಇರಲಿಲ್ಲ. ಕೈಗೆ ಸಿಕ್ಕ ಕಟ್ಟಿನಿಂದ ಒಂದು ಮಾಪ್ ಎಳೆದುಕೊಂಡೆ. ನಾಲ್ಕು ಪದರದ ಗಾಜ್, ಮಾಸ್ಕಿಗೆ ಹೇಳಿ ಮಾಡಿಸಿದ ಹಾಗಿತ್ತು. ಇನ್ನೊಂದು ಲಾಡಿ ಸಿಕ್ಕಿಸಿ ಕಟ್ಟಿಕೊಂಡು ಓಡಿದೆ. ವಾಪಸ್ ಬಂದ ಮೇಲೆ ಆ ಕಟ್ಟಿಗೆ ಇನ್ನೊಂದು ಸೇರಿಸಬೇಕು ಎಂದುಕೊಂಡಿದ್ದೆ. ವಾಪಸ್ ಬಂದಾಗ ರಂಗಮ್ಮ ಡ್ರಮ್ ಮುಚ್ಚಿ ಹಬೆಗೆ ಇಟ್ಟಾಗಿತ್ತು. ನನಗೂ ಮರೆತೇಹೋಯಿತು. ಬೇರೆ ಮಾಸ್ಕ್ ಇಲ್ಲದ್ದರಿಂದ ರಾತ್ರಿ ಅದನ್ನೇ ತೊಳೆದು ಒಣಗಿಸಿ ದಿನವೂ ಕಟ್ಟಿಕೊಳ್ಳುತ್ತಿದ್ದೆ.

ಅದಾದ ಮೂರನೆಯ ದಿನ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಲೋಕೇಶ ಎಂಬುವನನ್ನು ಟೆಂಪೋದಲ್ಲಿ ಕರೆತಂದರು. ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ದೇವಸ್ಥಾನದ ಮುಂದೆ ಟೂರಿಸ್ಟ್‌ಗಳಿಗೆ ಚಿತ್ರದ ಕಾರ್ಡು ಮಾರುವವನು. ಹದಿನೈದು ದಿನದಿಂದ ಜ್ವರ. ಜ್ವರ ಎಂದದ್ದೇ ತಡ, ಹೋದಲ್ಲೆಲ್ಲ ದೂರದಿಂದಲೇ ಮಾತ್ರೆ ಕೊಟ್ಟು ಕಳಿಸಿದ್ದರು. ನಮ್ಮ ಶಾಮಿಯಾನದಲ್ಲೂ ಅವನು ಸಾಲಿನ ಕೊನೆಗೆ ಬೆಂಚಿನ ಮೇಲೆ ಮುದುಡಿ ಮಲಗಿದ್ದ. ವಸುಧಾ ಎಲ್ಲರ ಗಂಟಲು ನೋಡುತ್ತ ಬಂದವಳು ಅವನ ಹತ್ತಿರ ನಿಂತಳು. ಮುಖ ನೋಡಿದಳು. ಅಂಗಿ ಸರಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಹೊಟ್ಟೆ ಕಲ್ಲಾಗೈತೆ ಕಣವ್ವ, ನಿನ್ನೆಯಿಂದ" ಎಂದಳು ಅವನ ಹೆಂಡತಿ ಲಕ್ಷ್ಮಿ. "ಯಾರೂ ಮುಟ್ನೇ ಇಲ್ಲ. ನೀವೇ ಮೊದ್ಲು ಮುಟ್ಟಿದ್ದು."

ವಸುಧಾ ನನ್ನ ಕಡೆ ತಿರುಗಿದಳು. "ಸಿಸ್ಟರ್, ಇದು ಹಂದಿಜ್ವರ ಅಲ್ಲ. ಟೈಫಾಯ್ಡ್. ಕರುಳು ತೂತಾಗಿದೆ. ಥಿಯೇಟರ್ ತೆಗೀರಿ, ಸರ್‌ಗೆ ಹೇಳಿಕಳಿಸಿ."

ಸಾಹೇಬರು ಬರುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ದಿನವೇ ಅವರಿಗೂ ಜ್ವರ ಏರಿ ಮನೆಯಲ್ಲಿ ಒಬ್ಬರೇ ಒಂದು ಕೋಣೆ ಸೇರಿದ್ದರು. ಹಾಸನಕ್ಕೆ ಕಳಿಸೋಣವೆಂದರೆ ಅರಿವಳಿಕೆಯ ಡಾ. ಇಮ್ತಿಯಾಜ್ ನಾಡಿ ಹಿಡಿದು ನೋಡಿ, "ದಾರೀಲೇ ಹೋಗ್ತಾನೆ" ಎಂದರು. ವಸುಧಾ ಫೋನ್ ಮಾಡಿದಳು. ಸಾಹೇಬರು ಕೆಮ್ಮುತ್ತ ಹೇಳಿದ್ದು ನನಗೂ ಕೇಳಿಸಿತು: "ಬೋಟಿ ಹೊಲಿದ ಹಾಗೇ ಹೊಲಿ. ಸುಜಾತಮ್ಮ ಎದುರಿಗಿರ್ತಾರೆ. ಹೆದರಬೇಡ."

ಹಗಲು ಹನ್ನೊಂದು ಗಂಟೆ. ಥಿಯೇಟರಿನಲ್ಲಿ ನಾವು ನಾಲ್ಕೇ ಜನ: ವಸುಧಾ, ಇಮ್ತಿಯಾಜ್, ರಂಗಮ್ಮ, ನಾನು. ಉಳಿದವರೆಲ್ಲ ಜ್ವರದ ವಾರ್ಡಿನಲ್ಲಿ. ಟ್ರಾಲಿ ಜೋಡಿಸಬೇಕು, ಕೊಕ್ಕೆ ಹಿಡಿಯಲೂ ನಾನೇ ನಿಲ್ಲಬೇಕು. ಇಮ್ತಿಯಾಜ್, "ಬೇಗ ಮಾಡಿ, ಬೇಗ" ಎನ್ನುತ್ತಿದ್ದರು. ನಾನು ಡ್ರಮ್ಮಿನಿಂದ ನಾಲ್ಕು ಕಟ್ಟು ತೆಗೆದು ಸರಸರ ಬಿಚ್ಚಿ, "ನಾಲ್ಕು ಗೆರೆ ಹಾಕು ರಂಗಮ್ಮ" ಎಂದೆ. ಒಂದೊಂದೇ ಎತ್ತಿ ಎಣಿಸಲಿಲ್ಲ. ಕಟ್ಟು ಎಂದರೆ ಐದು, ಇದರಲ್ಲಿ ನೋಡುವುದೇನಿದೆ ಎಂದುಕೊಂಡೆ. ರಂಗಮ್ಮ ನಾಲ್ಕು ಗೆರೆ ಎಳೆದಳು.

ವಸುಧಾ ಹೊಕ್ಕುಳ ಪಕ್ಕದಿಂದ ಚಾಕು ಎಳೆದಳು. ಹೊಟ್ಟೆ ತೆರೆದರೆ ಕೀವು, ಹೊಲಸು. ತೊಳೆದಳು. ತೂತು ಸಿಕ್ಕಿತು, ಕಾಳುಮೆಣಸಿನಷ್ಟು. ಹೊಲಿದಳು. ಎಷ್ಟು ಚೆನ್ನಾಗಿ ಹೊಲಿದಳೆಂದರೆ ಸಾಹೇಬರು ನೋಡಬೇಕಿತ್ತು ಎಂದು ನನಗೆ ಅನಿಸಿತು. "ಮುಚ್ಚಲಾ ಸಿಸ್ಟರ್? ಎಣಿಸಿ" ಎಂದಳು.

ಎಣಿಸಿದೆ. ಹತ್ತೊಂಬತ್ತು.

ಇನ್ನೊಮ್ಮೆ ಎಣಿಸಿದೆ. ಹತ್ತೊಂಬತ್ತೇ. "ಒಂದು ಕಡಿಮೆ" ಎಂದೆ, ಯಾವತ್ತಿನ ಅದೇ ಗತ್ತಿನಲ್ಲಿ. ರಂಗಮ್ಮ ನೆಲದ ಮೇಲೆ ಮಂಡಿಯೂರಿ ಬಕೆಟ್ಟು, ಬಟ್ಟೆ, ಮೇಜಿನಡಿ, ನಮ್ಮ ಚಪ್ಪಲಿ ಎಲ್ಲ ತಡಕಾಡಿದಳು. "ನಾಕ್ ಗೆರೆ ಸರ್ಯಾಗೇ ಐತೆ ಸಿಸ್ಟ್ರೇ. ಇಲ್ಲೆಲ್ಲೂ ಇಲ್ಲ. ಒಳ್ಗೇ ಇರ್ಬೇಕು" ಎಂದಳು.

ವಸುಧಾ ಮತ್ತೆ ಕೈ ಹಾಕಿದಳು. ಕರುಳನ್ನು ಒಂದು ತುದಿಯಿಂದ ಹಿಡಿದು ಇಂಚಿಂಚಾಗಿ ಬೆರಳ ನಡುವೆ ಹಾಯಿಸುತ್ತ ಹೋದಳು. ಎರಡು ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಮೇಲೆ ಕೀವಿನ ಪೊರೆ ಕಟ್ಟಿದ ಜಾಗಕ್ಕೆ ಬಂದಳು. ಮೆಲ್ಲನೆ ಬಿಡಿಸಿದಳು. ಅಲ್ಲಿ ಮಾಪ್ ಇರಲಿಲ್ಲ, ಇನ್ನೊಂದು ತೂತಿತ್ತು. ಮೊದಲು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನೂ ಹೊಲಿದಳು. ಮತ್ತೆ ಮೊದಲಿನಿಂದ ಕೊನೆಯವರೆಗೆ ಹುಡುಕಿದಳು. ಯಕೃತ್ತಿನ ಹಿಂದೆ, ಕೆಳಹೊಟ್ಟೆಯಲ್ಲಿ, ಎಲ್ಲೂ ಇಲ್ಲ. ಅವಳ ಹಣೆಯ ಬೆವರನ್ನು ರಂಗಮ್ಮ ಒರೆಸುತ್ತಲೇ ಇದ್ದಳು.

"ವಸುಧಾ, ಬಿ.ಪಿ. ಇಳೀತಾ ಇದೆ. ಇನ್ನು ತಡೆಯಲ್ಲ. ಮುಚ್ಚಮ್ಮ" ಎಂದರು ಇಮ್ತಿಯಾಜ್.

"ಸರ್, ಒಂದು ಮಾಪ್..."

"ಈಗ ಮುಚ್ಚದಿದ್ರೆ ಮಾಪೂ ಬೇಡ, ಏನೂ ಬೇಡ."

ಮುಚ್ಚಿದಳು. ಕೊನೆಯ ಹೊಲಿಗೆ ಹಾಕುವಾಗ ಅವಳ ಕಣ್ಣು ತುಂಬಿತ್ತು. ಗ್ಲೌಸ್ ತೆಗೆದು, ಕೇಸ್ ಶೀಟಿನಲ್ಲಿ ‘ಒಂದು ಮಾಪ್ ಸಿಕ್ಕಿಲ್ಲ’ ಎಂದು ಬರೆದಳು. ಎಕ್ಸ್‌ರೇ ತೆಗೆದರೂ ಆ ಎಳೆಯಿಲ್ಲದ ನಮ್ಮ ಬಟ್ಟೆ ಕಾಣುವುದಿಲ್ಲ. "ಎರಡು ದಿನದಲ್ಲಿ ಮತ್ತೆ ತೆರೀಬೇಕು. ಅವನು ತಡ್ಕೊಳ್ಳಲ್ಲ ಸಿಸ್ಟರ್. ನನ್ನ ಮೊದಲನೇ ಹೊಟ್ಟೆ, ಒಳಗೆ ಬಟ್ಟೆ ಬಿಟ್ಟೆ. ಅವನ ಹೆಂಡ್ತಿಗೆ ಹೇಳಿ, ಕಾಲೇಜಿಗೂ ಫೋನ್ ಮಾಡಿ ಹೇಳ್ತೀನಿ. ಇನ್ನು ಈ ಕೆಲಸ ನನಗೆ ಬೇಡ" ಎಂದು ಹೊರಟಳು.

ಕೈ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಮಾಸ್ಕ್ ಬಿಚ್ಚಿದೆ. ಒಂದು ಕಡೆಯ ಲಾಡಿ ಬೆರಳಿಗೆ ಸುತ್ತಿಕೊಂಡಿತು. ಬಿಡಿಸುವಾಗ ನೋಡಿದೆ. ಗೇಣುದ್ದದ ಲಾಡಿ, ಮೂಲೆಯಲ್ಲಿ ಎರಡು ಸಾಲು ಹೊಲಿಗೆ. ನಾನೇ ಹಾಕಿದ ಹೊಲಿಗೆ. ಇಪ್ಪತ್ತನೆಯ ಮಾಪ್ ಅಷ್ಟು ಹೊತ್ತೂ ನನ್ನ ಮುಖದ ಮೇಲಿತ್ತು.

ಪಕ್ಕದಲ್ಲೇ ಮಾಸ್ಕ್ ಹಾಕುವ ಬಕೆಟ್ಟು, ಸಾಯಂಕಾಲ ಅದು ಹಿಂದಿನ ಗುಂಡಿಯಲ್ಲಿ ಸುಟ್ಟುಹೋಗುತ್ತದೆ. ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಇಷ್ಟು ವರ್ಷದ ಹೆಸರು ಹಾಗೇ ಉಳಿಯುತ್ತದೆ. ಸುಳ್ಳು ಹೇಳುವುದಿಲ್ಲ, ನಾನು ಯೋಚಿಸಿದೆ. ಸೋಪು ಹಚ್ಚಿ, ಕೈ ತೊಳೆದು, ನಲ್ಲಿ ನಿಲ್ಲಿಸುವವರೆಗೂ ಯೋಚಿಸಿದೆ. ಅಷ್ಟು ಹೊತ್ತು ಯೋಚಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ಆಮೇಲೆ ಒದ್ದೆ ಕೈಯಲ್ಲೇ ಅದನ್ನು ಹಿಡಿದು ಓಡಿದೆ.

ವರಾಂಡದಲ್ಲಿ ವಸುಧಾ ಲಕ್ಷ್ಮಿಯ ಮುಂದೆ ನಿಂತಿದ್ದಳು. ಇನ್ನೂ ಮಾತು ಶುರುಮಾಡಿರಲಿಲ್ಲ. ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದು, ಮಾಸ್ಕನ್ನು ಅಂಗೈಯಲ್ಲಿ ಬಿಡಿಸಿ ತೋರಿಸಿದೆ. "ಒಳಗಿಲ್ಲ ಡಾಕ್ಟ್ರೇ. ಇದೇ ಅದು. ಮೂರು ದಿನದ ಹಿಂದೆ ಕಟ್ಟಿನಿಂದ ನಾನೇ ತಗೊಂಡಿದ್ದು. ಮರೆತೆ."

ಅವಳು ಲಾಡಿ ನೋಡಿದಳು. ಪದರ ಬಿಡಿಸಿ ಎಣಿಸಿದಳು. "ಶುರುವಿನಲ್ಲಿ ನೀವು ಎಣಿಸಲಿಲ್ವಾ?"

"ಇಲ್ಲ."

"ಅಷ್ಟು ಹೊತ್ತು ಅವನ ಹೊಟ್ಟೆ ತೆರೆದಿಟ್ಟಿದ್ದೆ ಸಿಸ್ಟರ್! ಟೇಬಲ್ ಮೇಲೇ ಹೋಗಿಬಿಡ್ತಿದ್ದ!" ಎಂದು ಅವಳು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾನು ತಲೆ ತಗ್ಗಿಸಿ ನಿಂತೆ. ಅವಳು ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಲಕ್ಷ್ಮಿಯ ಹತ್ತಿರ ಹೋದಳು. "ಎರಡು ತೂತಿತ್ತಮ್ಮ, ಎರಡೂ ಹೊಲಿದಿದ್ದೀನಿ. ನಮ್ಮದೊಂದು ಬಟ್ಟೆ ಎಣಿಕೆಗೆ ಸಿಗಲಿಲ್ಲ, ಅದನ್ನ ಹುಡುಕ್ತಾ ತಡವಾಯ್ತು. ಈಗ ಸಿಕ್ತು, ಒಳಗಿಲ್ಲ."

"ಬಟ್ಟೆ ಹೋದ್ರೆ ಹೋಗ್ಲಿ ಬಿಡವ್ವ" ಎಂದಳು ಲಕ್ಷ್ಮಿ. "ಅವ್ರು ಉಳೀತಾರಾ ಅದ್ ಹೇಳು."

"ಉಳಿಸ್ಕೋತೀನಿ" ಎಂದಳು ವಸುಧಾ.

ಸಾಹೇಬರಿಗೆ ನಾನೇ ಫೋನ್ ಮಾಡಿ ಹೇಳಿದೆ. "ರಿಜಿಸ್ಟರಿನಲ್ಲಿ ಬರೀರಿ, ನಿಮ್ಮ ಕೈಯಲ್ಲೇ" ಎಂದರು. ಎರಡನೆಯ ತೂತು ಸಿಕ್ಕಿದ್ದು ಆ ಹುಡುಕಾಟದಲ್ಲೇ ಎಂದು ನಾನು ಸ್ವಲ್ಪ ಆಸೆಯಿಂದ ಹೇಳಿದೆ. "ಅದು ಆ ಹುಡುಗಿಯ ಕೈ, ಸುಜಾತಮ್ಮ. ನಿಮ್ಮ ತಪ್ಪಿನ ಪುಣ್ಯ ಅಂತ ತಿಳ್ಕೋಬೇಡಿ" ಎಂದು ಫೋನಿಟ್ಟರು. ಬರೆದೆ. ಕೆಳಗೆ ಸಹಿ ಹಾಕಿದೆ.

ಲೋಕೇಶನಿಗೆ ಐದನೆಯ ದಿನ ಕರುಳು ಕೆಲಸ ಶುರುಮಾಡಿತು. ಆರನೆಯ ದಿನ ಗಂಜಿ ಕುಡಿದ. ಮೂರನೆಯ ವಾರ ನಡೆದುಕೊಂಡೇ ಮನೆಗೆ ಹೋದ. ಅಷ್ಟೂ ದಿನ ವಸುಧಾ ಅವನ ಮಂಚ ಬಿಟ್ಟು ಕದಲಲಿಲ್ಲ, ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಒಂದು ಮಾತೂ ಆಡಲಿಲ್ಲ. ನನ್ನ ಕಾಫಿಯನ್ನೂ ಮುಟ್ಟಲಿಲ್ಲ. ಕಾಲೇಜಿಗೆ ಫೋನ್ ಮಾಡಿದಳೋ ಇಲ್ಲವೋ, ಬಿಟ್ಟುಹೋಗುತ್ತಾಳೋ ಇರುತ್ತಾಳೋ, ಕೇಳುವ ಮುಖ ನನಗಿರಲಿಲ್ಲ. ಅವಳು ಹೋಗಿಬಿಟ್ಟರೆ ಅದು ನನ್ನ ಕೈಯಿಂದಲೇ ಆದ ಹಾಗೆ ಎಂಬ ಸಂಕಟದಲ್ಲಿ ಆ ದಿನಗಳನ್ನು ಕಳೆದೆ.

ಜ್ವರ ಕಡಿಮೆಯಾಯಿತು. ಶಾಮಿಯಾನ ಬಿಚ್ಚಿದರು, ಥಿಯೇಟರು ತೆರೆಯಿತು. ಗಂಗಾಧರಯ್ಯನವರು ಅರ್ಧಕ್ಕರ್ಧ ಇಳಿದುಹೋಗಿ ಕೆಲಸಕ್ಕೆ ಬಂದರು. ಮೊದಲ ಆಪರೇಷನ್ ಒಬ್ಬ ಹೆಂಗಸಿನ ಪಿತ್ತಕೋಶದ್ದು. ವಸುಧಾ ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದಳು. ಕೈ ತೊಳೆದು, ಗೌನ್ ಹಾಕಿ, ಪಿ.ಜಿ.ಗಳು ನಿಲ್ಲುವ ಕಡೆ ರೋಗಿಯ ಎಡಕ್ಕೆ ಹೋಗಿ ನಿಂತಳು. ಸಾಹೇಬರು ಒಳಗೆ ಬಂದು ಅವಳನ್ನು ನೋಡಿದರು. "ನನಗಿನ್ನೂ ಸುಸ್ತಿದೆ. ಆ ಕಡೆ ಹೋಗಮ್ಮ" ಎಂದು ತಾವೇ ಎಡಗಡೆ ನಿಂತು ಕೊಕ್ಕೆ ಕೈಗೆತ್ತಿಕೊಂಡರು. ಅಷ್ಟು ವರ್ಷದಲ್ಲಿ ಅವರು ಆ ಜಾಗದಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ವಸುಧಾ ಸುತ್ತಿ ಬಂದು ಬಲಗಡೆ, ಸರ್ಜನ್ ಜಾಗದಲ್ಲಿ ನಿಂತಳು. ನಾನು ಚಾಕು ಹಿಡಿದು ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಮೊದಲು ಮಾಪ್ ಎಣಿಸಿ ಸಿಸ್ಟರ್."

ಸಾಹೇಬರು, "ಸುಜಾತಮ್ಮ ಎಣಿಸಿರ್ತಾರೆ, ಶುರು ಮಾಡಮ್ಮ" ಎಂದರು. ನನ್ನ ಮಾನ ಉಳಿಸಲಿಕ್ಕೇ ಹಾಗೆಂದರೋ, ಅವಳನ್ನು ಪರೀಕ್ಷೆ ಮಾಡಿದರೋ, ಇವತ್ತಿಗೂ ನನಗೆ ತಿಳಿಯದು.

"ಎಣಿಸಿರಬಹುದು ಸರ್. ನಾನು ಕೇಳಿಸ್ಕೊಂಡಿಲ್ಲ" ಎಂದಳು ವಸುಧಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುಕೂ ಇರಲಿಲ್ಲ. "ಒಂದೊಂದೇ ಎತ್ತಿ, ಜೋರಾಗಿ."

ನಾನು ಚಾಕು ಕೆಳಗಿಟ್ಟು ಮೊದಲ ಕಟ್ಟು ಬಿಚ್ಚಿದೆ. ರಂಗಮ್ಮ ಸೀಮೆಸುಣ್ಣ ಹಿಡಿದು ಕಾದಳು. ಒಂದು ಎಂದೆ, ಎರಡು ಎಂದೆ, ಮೂರು ಎಂದೆ. ಈ ಹುಡುಗಿ ಎಲ್ಲಿಗೂ ಹೋಗುವುದಿಲ್ಲ ಎಂದು ಆಗ ನನಗೆ ಖಚಿತವಾಯಿತು. ವಸುಧಾ ಕಣ್ಣು ತೆಗೆಯದೆ ನನ್ನ ಕೈಯನ್ನೇ ನೋಡುತ್ತಿದ್ದಳು. ನಾಲ್ಕು ಎಂದೆ, ಐದು ಎಂದೆ, ಮುಂದಿನ ಕಟ್ಟು ಬಿಚ್ಚಿದೆ. ಎಲ್ಲ ಮುಗಿದ ಮೇಲೆ ಅವಳು ಹಲಗೆಯ ಗೆರೆಗಳನ್ನು ನೋಡಿ, ನನ್ನ ಮುಂದೆ ಕೈ ಚಾಚಿದಳು.

"ಸರಿ. ಈಗ ಕೊಡಿ."

ಚಾಕುವನ್ನು ಅವಳ ಅಂಗೈಯಲ್ಲಿಟ್ಟೆ.